‘ಅಗತ್ಯ ನೋಡಿ ಕೊಡಿ, ಜನಾಂಗ ನೋಡಿ ಬೇಡ’: ಮಾವೋರಿ ಯೋಜನೆಗಳ ಬಗ್ಗೆ ನ್ಯೂಜಿಲೆಂಡ್ ಜನ ನಿಜಕ್ಕೂ ಏನು ಹೇಳುತ್ತಿದ್ದಾರೆ?

2023ರ ಜೂನ್‌ನಲ್ಲಿ ಆಕ್ಲೆಂಡ್‌ನ ಒಂದು ರೇಡಿಯೊ ಸುದ್ದಿ ಇಡೀ ನ್ಯೂಜಿಲೆಂಡಿನಲ್ಲಿ ಗದ್ದಲ ಎಬ್ಬಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ಕಾಯುತ್ತಿರುವವರ ಸರದಿ ಪಟ್ಟಿ ಮಾಡುವಾಗ, ರೋಗಿ ಮಾವೋರಿಯಾ (ಅಂದರೆ ಆ ದೇಶದ ಮೂಲನಿವಾಸಿಯಾ), ಪೆಸಿಫಿಕ್ ದ್ವೀಪಗಳವರಾ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಅನ್ನುವುದು ಸುದ್ದಿ. ‘ಚರ್ಮದ ಬಣ್ಣ ನೋಡಿ ಚಿಕಿತ್ಸೆಯಾ?’ ಅಂತ ಜನ ಕೇಳಿದರು. ಚುನಾವಣೆಗೆ ನಾಲ್ಕೇ ತಿಂಗಳು ಉಳಿದಿತ್ತು. ವಿರೋಧ ಪಕ್ಷಗಳು ಸುಮ್ಮನಿರುತ್ತವಾ? ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷದ ಪ್ರಧಾನಿ ಕ್ರಿಸ್ ಹಿಪ್ಕಿನ್ಸ್ ಕೂಡ ಅದನ್ನು ಗಟ್ಟಿಯಾಗಿ ಸಮರ್ಥಿಸಲಿಲ್ಲ. ಒಂದು ತಾರತಮ್ಯದ ಜಾಗದಲ್ಲಿ ಇನ್ನೊಂದು ತಾರತಮ್ಯ ಬರಬಾರದು, ಆರೋಗ್ಯ ಸಚಿವರಿಗೆ ಪರಿಶೀಲಿಸಲು ಹೇಳಿದ್ದೇನೆ ಅಂದರು.

ಆ ಲೆಕ್ಕದಲ್ಲಿ ಒಟ್ಟು ಐದು ಅಂಶ ಇದ್ದವು. ಕಾಯಿಲೆ ಎಷ್ಟು ತುರ್ತು, ಎಷ್ಟು ದಿನದಿಂದ ಕಾಯುತ್ತಿದ್ದಾರೆ, ಮನೆ ಎಲ್ಲಿದೆ, ಎಷ್ಟು ಬಡತನ ಇರುವ ಬಡಾವಣೆ, ಜನಾಂಗ ಯಾವುದು. ಊರಾಚೆ ಇರುವವರಿಗೆ ಸ್ವಲ್ಪ ಮುಂಚೆ ಸರದಿ ಸಿಕ್ಕಿದ್ದಕ್ಕೆ ಯಾರೂ ಜಗಳ ಮಾಡಲಿಲ್ಲ. ಬಡ ಬಡಾವಣೆಯವರ ವಿಷಯಕ್ಕೂ ಯಾರೂ ಟಿವಿ ಮುಂದೆ ಕೂಗಾಡಲಿಲ್ಲ. ಐದರಲ್ಲಿ ಒಂದರ ಮೇಲೆ ಮಾತ್ರ ಎಲ್ಲರ ಕಣ್ಣು. ಅದನ್ನು ಸೇರಿಸಿದ್ದು ಯಾಕೆ ಅಂದರೆ, ಅದೇ ಕಾಯಿಲೆ, ಅದೇ ತೀವ್ರತೆ ಇದ್ದರೂ ಮಾವೋರಿಗಳು ಜಾಸ್ತಿ ದಿನ ಕಾಯುತ್ತಿದ್ದರು ಅಂತ ಆಸ್ಪತ್ರೆಯ ಲೆಕ್ಕವೇ ಹೇಳುತ್ತಿತ್ತು. ಈ ಕಾರಣ ಸುದ್ದಿಯ ಕೊನೇ ಪ್ಯಾರಾಕ್ಕೆ ಹೋಯಿತು. ಅಲ್ಲಿಯವರೆಗೆ ಓದುವವರು ಎಷ್ಟು ಜನ?

ಮಾವೋರಿ ಯೋಜನೆಗಳ ಬಗ್ಗೆ ನ್ಯೂಜಿಲೆಂಡಿನಲ್ಲಿ ನಡೆಯುವ ಹೆಚ್ಚುಕಮ್ಮಿ ಎಲ್ಲ ಜಗಳವೂ ಹೀಗೇ ಇರುತ್ತದೆ. ಜನಾಭಿಪ್ರಾಯ ಹೀಗಿದೆ, ಹಾಗಿದೆ ಅಂತ ಸಮೀಕ್ಷೆಗಳು ಬರುತ್ತಲೇ ಇರುತ್ತವೆ. ಆದರೆ ಯಾವುದರ ಬಗ್ಗೆ ಅಭಿಪ್ರಾಯ ಅಂತ ಕೇಳಿದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು. ನನ್ನ ಪ್ರಕಾರ ಸಮಸ್ಯೆಯ ಬುಡ ಇಲ್ಲೇ ಇದೆ. ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬಿ, ಮೇಲೆ ‘ಮಾವೋರಿಗಳಿಗೆ ಕೊಡುವ ಸವಲತ್ತು’ ಅಂತ ಚೀಟಿ ಅಂಟಿಸಿದ್ದಾರೆ.

ಮೊದಲು ಭತ್ಯೆ. ಕೆಲಸ ಇಲ್ಲದವರಿಗೆ, ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ, ಅಂಗವಿಕಲರಿಗೆ ವಾರ ವಾರ ಬರುವ ಸರ್ಕಾರಿ ಹಣ. ಮಾವೋರಿಗಳಿಗೆ ಅಂತ ಬೇರೆ ದರ ಇಲ್ಲವೇ ಇಲ್ಲ. ಎಲ್ಲರಿಗೂ ಅದೇ ಅರ್ಜಿ, ಅದೇ ನಿಯಮ, ಅದೇ ಮೊತ್ತ. 2023ರ ಜನಗಣತಿ ಪ್ರಕಾರ ಮಾವೋರಿಗಳು ಸುಮಾರು 8.87 ಲಕ್ಷ, ಅಂದರೆ ಜನಸಂಖ್ಯೆಯ ಶೇ 17.8. ದುಡಿಯುವ ವಯಸ್ಸಿನವರಿಗೆ ಸಿಗುವ ಮುಖ್ಯ ಭತ್ಯೆಗಳನ್ನು ಪಡೆಯುವವರಲ್ಲಿ ಅವರ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಜನಸಂಖ್ಯೆಗೆ ಹೋಲಿಸಿದರೆ ಎರಡು ಪಟ್ಟು, ಅದು ನಿಜ. ಆದರೆ ಭತ್ಯೆ ಪಡೆಯುವವರಲ್ಲಿ ಹೆಚ್ಚಿನವರು ಮಾವೋರಿಗಳಲ್ಲ, ಅದೂ ನಿಜವೇ. ‘ಕೂತು ತಿನ್ನುವವರು’ ಅಂದ ಕೂಡಲೇ ಜನರ ಕಣ್ಣಮುಂದೆ ಬರುವ ಚಿತ್ರ ಮಾತ್ರ ಮಾವೋರಿ ಮುಖದ್ದು.

ಎರಡನೆಯದು ಪರಿಹಾರ. ಇದನ್ನು ಕಲ್ಯಾಣ ಯೋಜನೆ ಅಂತ ಕರೆಯುವುದೇ ತಪ್ಪು. 1840ರ ಫೆಬ್ರವರಿ 6ರಂದು ವೈಟಾಂಗಿ ಎಂಬಲ್ಲಿ ಬ್ರಿಟಿಷ್ ಸರ್ಕಾರ ಮತ್ತು ಮಾವೋರಿ ಮುಖಂಡರ ನಡುವೆ ಒಪ್ಪಂದ ಆಯಿತು. ಭೂಮಿ, ಕಾಡು, ಮೀನುಗಾರಿಕೆ ನಿಮ್ಮದೇ ಅಂತ ಅದರಲ್ಲಿ ಮಾತು ಕೊಟ್ಟಿದ್ದರು. ಆಮೇಲೆ ಏನಾಯಿತು? 1860ರ ದಶಕದ ಯುದ್ಧದ ನಂತರ ವೈಕಾಟೊ ಪ್ರದೇಶದಲ್ಲಿ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲು. ದಕ್ಷಿಣ ದ್ವೀಪದಲ್ಲಿ 1848ರಲ್ಲಿ ಒಂದು ಕೋಟಿಗೂ ಹೆಚ್ಚು ಎಕರೆಯನ್ನು 2,000 ಪೌಂಡ್‌ಗೆ ಬರೆಸಿಕೊಂಡರು, ಅಲ್ಲಿನ ಜನರಿಗೆ ಬಿಡುತ್ತೇವೆ ಅಂದಿದ್ದ ಜಮೀನನ್ನೂ ಸರಿಯಾಗಿ ಬಿಡಲಿಲ್ಲ. ಒಪ್ಪಂದ ಮುರಿದ ದೂರುಗಳ ವಿಚಾರಣೆಗೆ ಅಂತಲೇ 1975ರಲ್ಲಿ ವೈಟಾಂಗಿ ಟ್ರಿಬ್ಯೂನಲ್ ಶುರುವಾಯಿತು, 1985ರಲ್ಲಿ ಅದಕ್ಕೆ 1840ರವರೆಗೂ ಹಿಂದಕ್ಕೆ ಹೋಗಿ ನೋಡುವ ಅಧಿಕಾರ ಸಿಕ್ಕಿತು. 1995ರಲ್ಲಿ ವೈಕಾಟೊ-ಟೈನುಯಿ ಬುಡಕಟ್ಟಿಗೆ, 1998ರಲ್ಲಿ ನೈ ಟಹು ಬುಡಕಟ್ಟಿಗೆ ತಲಾ 17 ಕೋಟಿ ನ್ಯೂಜಿಲೆಂಡ್ ಡಾಲರ್ ಪರಿಹಾರ ಬಂತು. ಕಳೆದುಕೊಂಡಿದ್ದರ ಬೆಲೆ ಕಟ್ಟಿದರೆ ಇದು ಚಿಲ್ಲರೆ.

ಇಲ್ಲಿಯವರೆಗೆ ಎಲ್ಲ ಬುಡಕಟ್ಟುಗಳಿಗೆ ಸೇರಿ ಕೊಟ್ಟ ಪರಿಹಾರ 300 ಕೋಟಿ ಡಾಲರ್ ದಾಟಿಲ್ಲ. ಮೂವತ್ತು ವರ್ಷದ ಲೆಕ್ಕ ಅದು. ಅದೇ ದೇಶದಲ್ಲಿ 65 ದಾಟಿದವರಿಗೆಲ್ಲ, ಕೋಟ್ಯಧಿಪತಿಯಾದರೂ ಸರಿ, ಸಿಗುವ ಸರ್ಕಾರಿ ಪಿಂಚಣಿಗೆ ಒಂದು ವರ್ಷಕ್ಕೆ 2,000 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚಾಗುತ್ತದೆ. ಅಂದರೆ ಒಂದೂವರೆ ಶತಮಾನದ ಭೂಮಿಯ ಲೆಕ್ಕ ಎರಡು ತಿಂಗಳ ಪಿಂಚಣಿಗೂ ಸಮ ಇಲ್ಲ. ಪಿಂಚಣಿ ಬಗ್ಗೆ ಜನ ಸಿಟ್ಟಾಗುವುದಿಲ್ಲ, ಯಾಕೆಂದರೆ ಅದು ಎಲ್ಲರಿಗೂ ಸಿಗುತ್ತದೆ. ನಿಜವಾಗಿ ಎಲ್ಲರಿಗೂ ಸಿಗುತ್ತದಾ? 2017ರಿಂದ 2019ರ ಅಂಕಿಅಂಶದಂತೆ ಮಾವೋರಿ ಗಂಡಸಿನ ಸರಾಸರಿ ಆಯಸ್ಸು 73.4 ವರ್ಷ, ಮಾವೋರಿಯೇತರ ಗಂಡಸಿನದು 80.9. ಹೆಂಗಸರಲ್ಲಿ 77.1 ಮತ್ತು 84.4. ಒಂದೇ ನಿಯಮದ ಪಿಂಚಣಿಯನ್ನು ಒಬ್ಬರು ಏಳು ವರ್ಷ ಕಡಿಮೆ ಪಡೆದು ಹೋಗುತ್ತಾರೆ. ಇದನ್ನು ಯಾರೂ ಪಾಕೆಹಾಗಳಿಗೆ, ಅಂದರೆ ಯುರೋಪಿಯನ್ ಮೂಲದವರಿಗೆ, ಕೊಡುವ ವಿಶೇಷ ಸವಲತ್ತು ಅಂತ ಕರೆಯುವುದಿಲ್ಲ.

ಮೂರನೆಯದೇ ನಿಜವಾದ ಚರ್ಚೆಯ ವಿಷಯ: ಮಾವೋರಿಗಳಿಗಾಗಿ, ಬಹಳ ಸಲ ಮಾವೋರಿ ಸಂಸ್ಥೆಗಳ ಮೂಲಕ ನಡೆಯುವ ಸೇವೆಗಳು. ಆರೋಗ್ಯ ಕೇಂದ್ರ, ವಿದ್ಯಾರ್ಥಿವೇತನ, ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 1972ರಿಂದ ಇರುವ ಮಾವೋರಿ ಮತ್ತು ಪೆಸಿಫಿಕ್ ವಿದ್ಯಾರ್ಥಿಗಳ ಮೆಡಿಕಲ್ ಪ್ರವೇಶ ಯೋಜನೆ, ಕುಟುಂಬಗಳಿಗೆ ನೆರವಾಗುವ ‘ಫಾನೌ ಓರಾ’ ಇತ್ಯಾದಿ. ಇಲ್ಲಿ ತಕರಾರು ಮಾಡುವವರ ಎಲ್ಲ ಮಾತನ್ನೂ ಜನಾಂಗ ದ್ವೇಷ ಅಂತ ತಳ್ಳಿಹಾಕುವುದು ಸರಿಯಲ್ಲ. ಸಮರ್ಥಿಸುವವರು ಹೇಳುವುದೆಲ್ಲ ವೇದವಾಕ್ಯವೂ ಅಲ್ಲ.

ಜನಾಭಿಪ್ರಾಯ ಸರ್ಕಾರಗಳನ್ನು ಹೇಗೆ ಅಲ್ಲಾಡಿಸುತ್ತದೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2000ದಲ್ಲಿ ಹೆಲೆನ್ ಕ್ಲಾರ್ಕ್ ಅವರ ಲೇಬರ್ ಸರ್ಕಾರ ಮಾವೋರಿಗಳಿಗೂ ಉಳಿದವರಿಗೂ ನಡುವಿನ ಅಂತರ ಕಡಿಮೆ ಮಾಡುತ್ತೇವೆ ಅಂತ ‘ಕ್ಲೋಸಿಂಗ್ ದ ಗ್ಯಾಪ್ಸ್’ ಹೆಸರಲ್ಲಿ ಬಜೆಟ್‌ನಲ್ಲಿ ದೊಡ್ಡದಾಗಿ ಘೋಷಿಸಿತು. ವಿರೋಧ ಎಷ್ಟು ಬಂತೆಂದರೆ ಅದೇ ವರ್ಷದ ಕೊನೆಯೊಳಗೆ ಆ ಹೆಸರನ್ನೇ ಕೈಬಿಟ್ಟು ‘ಅಸಮಾನತೆ ಕಡಿಮೆ ಮಾಡುವುದು’ ಅನ್ನುವ ಸಪ್ಪೆ ಹೆಸರಿಟ್ಟರು. ನಾಲ್ಕು ವರ್ಷದ ನಂತರ, 2004ರ ಜನವರಿ 27ರಂದು, ಆಗ ವಿರೋಧ ಪಕ್ಷವಾಗಿದ್ದ ನ್ಯಾಷನಲ್ ಪಕ್ಷದ ನಾಯಕ ಡಾನ್ ಬ್ರ್ಯಾಶ್ ಆಕ್ಲೆಂಡ್‌ನ ಉತ್ತರಕ್ಕಿರುವ ಒರೆವಾ ಎಂಬ ಸಣ್ಣ ಊರಲ್ಲಿ ಒಂದು ಭಾಷಣ ಮಾಡಿದರು. ಅಗತ್ಯ ನೋಡಿ ಕೊಡಿ, ಜನಾಂಗ ನೋಡಿ ಬೇಡ ಅನ್ನುವುದೇ ಅದರ ಸಾರ. ಬ್ರ್ಯಾಶ್ ಮೊದಲು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು, ಜನರನ್ನು ಹುಚ್ಚೆಬ್ಬಿಸುವ ಭಾಷಣಕಾರರೇನಲ್ಲ. ಆದರೂ ಕೆಲವೇ ವಾರದಲ್ಲಿ ಟಿವಿ ಸಮೀಕ್ಷೆಯೊಂದರಲ್ಲಿ ಅವರ ಪಕ್ಷ ಶೇ 28ರಿಂದ 45ಕ್ಕೆ ಹಾರಿತು. ಒಂದು ಭಾಷಣಕ್ಕೆ 17 ಅಂಕ! ಆ ದೇಶದ ರಾಜಕೀಯದಲ್ಲಿ ಅಂಥದ್ದು ಅಪರೂಪ.

ಅದಕ್ಕೆ ಲೇಬರ್ ಏನು ಮಾಡಿತು ಅನ್ನುವುದು ಇನ್ನೂ ಸ್ವಾರಸ್ಯ. ವಾದಕ್ಕೆ ಇಳಿಯಲಿಲ್ಲ. ಟ್ರೆವರ್ ಮಲ್ಲಾರ್ಡ್ ಅವರನ್ನು ಜನಾಂಗ ಸಂಬಂಧಗಳ ಸಚಿವರನ್ನಾಗಿ ಮಾಡಿ, ಜನಾಂಗ ಆಧರಿಸಿದ ಯೋಜನೆಗಳನ್ನೆಲ್ಲ ಪರಿಶೀಲಿಸಲು ಹೇಳಿತು. 2005ರ ಚುನಾವಣೆಯಲ್ಲಿ ಲೇಬರ್ ಶೇ 41.1, ನ್ಯಾಷನಲ್ ಶೇ 39.1. ಕೂದಲೆಳೆಯಲ್ಲಿ ಪಾರು. ಅಂದಿನಿಂದ ಎರಡೂ ದೊಡ್ಡ ಪಕ್ಷಗಳಿಗೆ ಒಂದು ಪಾಠ ಮನದಟ್ಟಾಗಿದೆ: ಇಂಥ ಯೋಜನೆ ಮಾಡಿದರೂ ಜೋರಾಗಿ ಹೇಳಬಾರದು. ಈ ಪಾಠದಿಂದ ಆದ ಹಾನಿ ಸಣ್ಣದಲ್ಲ. ಜನರಿಗೆ ವಿವರಿಸದೆ, ಕಚೇರಿಯ ಒಳಗೊಳಗೇ ನಿಯಮ ಬದಲಾಯಿಸುವ ರೂಢಿ ಬೆಳೆಯಿತು. ಆಮೇಲೆ ಯಾವುದೋ ರೇಡಿಯೊದಲ್ಲಿ ಸುದ್ದಿ ಹೊರಬಿದ್ದಾಗ ‘ನೋಡಿ, ನಮ್ಮಿಂದ ಮುಚ್ಚಿಟ್ಟಿದ್ದರು’ ಅಂತ ಜನರಿಗೆ ಅನ್ನಿಸದೆ ಇರುತ್ತದಾ? ಆಕ್ಲೆಂಡ್ ಆಸ್ಪತ್ರೆ ಪಟ್ಟಿಯ ಗದ್ದಲದ ಅರ್ಧ ಕಾರಣ ಇದೇ ಅಂತ ನನಗನ್ನಿಸುತ್ತದೆ.

ಸಮೀಕ್ಷೆಗಳ ವಿಷಯಕ್ಕೆ ಬರೋಣ. ಒಂದೇ ವಿಷಯಕ್ಕೆ ಎಂಥೆಂಥ ಉತ್ತರ ಬರುತ್ತದೆ ಅಂತ ನೋಡಿ. ವೈಟಾಂಗಿ ಒಪ್ಪಂದದ ತತ್ವಗಳು ಇವಿಷ್ಟೇ ಅಂತ ಕಾನೂನಿನಲ್ಲಿ ಬರೆದಿಡಬೇಕು ಅನ್ನುವುದು ಆಕ್ಟ್ ಎಂಬ ಸಣ್ಣ ಬಲಪಂಥೀಯ ಪಕ್ಷದ ಡೇವಿಡ್ ಸೀಮೋರ್ ಅವರ ಮಸೂದೆ. 2023ರ ಅಕ್ಟೋಬರ್‌ನಲ್ಲಿ ಆಕ್ಟ್ ಪಕ್ಷವೇ ಮಾಡಿಸಿದ ಸಮೀಕ್ಷೆಯಲ್ಲಿ, ಎಲ್ಲ ನಾಗರಿಕರಿಗೂ ಒಂದೇ ಹಕ್ಕು, ಒಂದೇ ಕರ್ತವ್ಯ ಅನ್ನುವ ಧಾಟಿಯಲ್ಲಿ ಆ ತತ್ವಗಳನ್ನು ಓದಿ ಕೇಳಿದಾಗ ಸುಮಾರು ಶೇ 60 ಮಂದಿ ಬೆಂಬಲ ಅಂದರು. ಎಲ್ಲರೂ ಸಮ ಅಂದರೆ ಬೇಡ ಅನ್ನುವವರು ಯಾರು? ಮಸೂದೆ ಪಾರ್ಲಿಮೆಂಟಿಗೆ ಬಂದು ದೇಶವೆಲ್ಲ ಅದೇ ಮಾತಾದ ಮೇಲೆ, 2024ರ ಡಿಸೆಂಬರ್‌ನಲ್ಲಿ ಒನ್ ನ್ಯೂಸ್ ಟಿವಿ ಸಮೀಕ್ಷೆ ಮಸೂದೆಯ ಹೆಸರು ಹೇಳಿ ಕೇಳಿತು. ಬೆಂಬಲ ಶೇ 23, ವಿರೋಧ ಶೇ 36. ನನಗೆ ಅಷ್ಟೊಂದು ಗೊತ್ತಿಲ್ಲ ಅಂದವರು ಶೇ 39. ಎಲ್ಲಕ್ಕಿಂತ ದೊಡ್ಡ ಪಕ್ಷ ‘ಗೊತ್ತಿಲ್ಲ’ ಪಕ್ಷವೇ!

ಇನ್ನೊಂದು ಅಳತೆಗೋಲೂ ಇತ್ತು. 2024ರ ನವೆಂಬರ್ 19ರಂದು ಮಸೂದೆ ವಿರುದ್ಧ ವೆಲ್ಲಿಂಗ್ಟನ್‌ನ ಪಾರ್ಲಿಮೆಂಟ್ ಮುಂದೆ ಸೇರಿದವರು ಪೊಲೀಸರ ಅಂದಾಜಿನಂತೆ 42,000. ಅದಕ್ಕೆ ಕೆಲವೇ ದಿನ ಮೊದಲು ಯುವ ಸಂಸದೆ ಹಾನಾ-ರಾವಿಟಿ ಮೈಪಿ-ಕ್ಲಾರ್ಕ್ ಸದನದಲ್ಲೇ ಮಸೂದೆಯ ಪ್ರತಿ ಹರಿದು, ಮಾವೋರಿಗಳ ಸಾಂಪ್ರದಾಯಿಕ ನೃತ್ಯ ‘ಹಾಕಾ’ ಶುರು ಮಾಡಿದ ವಿಡಿಯೊ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತ್ತು, ನೆನಪಿರಬಹುದು. ಸದನ ಸಮಿತಿಗೆ 3 ಲಕ್ಷ ದಾಟಿದ ಅಹವಾಲು ಬಂದವು, ಶೇ 90ರಷ್ಟು ವಿರೋಧ. 2025ರ ಏಪ್ರಿಲ್ 10ರಂದು ಮಸೂದೆ 112-11 ಮತಗಳಲ್ಲಿ ಬಿದ್ದುಹೋಯಿತು. ಹಾಗಂತ ಶೇ 90 ಜನ ವಿರೋಧಿಗಳು ಅಂತ ಹೇಳಲಾಗುವುದಿಲ್ಲ. ಕೂತು ಅಹವಾಲು ಬರೆಯುವವರು ಆ ವಿಷಯ ಹಚ್ಚಿಕೊಂಡವರು. ಇನ್ನು 2025ರ ಅಕ್ಟೋಬರ್‌ನಲ್ಲಿ 42 ಸ್ಥಳೀಯ ಸಂಸ್ಥೆಗಳಲ್ಲಿ ಮಾವೋರಿ ವಾರ್ಡ್ (ಮಾವೋರಿ ಮತದಾರರಿಗೇ ಮೀಸಲಾದ ವಾರ್ಡ್) ಇರಬೇಕಾ ಬೇಡವಾ ಅಂತ ಮತಕ್ಕೆ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಕಡೆ ಬೇಡ ಅಂದರು. ಬೀದಿಯಲ್ಲಿ ಒಂದು ದೇಶ, ಮತಪೆಟ್ಟಿಗೆಯಲ್ಲಿ ಇನ್ನೊಂದು, ಫೋನ್ ಸಮೀಕ್ಷೆಯಲ್ಲಿ ಮತ್ತೊಂದು.

ಈಗ ಆ ಘೋಷಣೆಯನ್ನೇ ಗಂಭೀರವಾಗಿ ತೆಗೆದುಕೊಳ್ಳೋಣ. ಅಗತ್ಯ ನೋಡಿ ಕೊಡಬೇಕು. ಸರಿ, ಒಪ್ಪಿದೆ. ಬಡ ಪಾಕೆಹಾ ತಾಯಿಗೆ ಸಿಗದ ನೆರವು ಪಕ್ಕದ ಮನೆಯ ಚೆನ್ನಾಗಿರುವ ಮಾವೋರಿ ಲಾಯರ್ ಮಗನಿಗೆ ಸಿಗುವುದು ಯಾಕೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ವಿದ್ಯಾರ್ಥಿವೇತನಗಳಲ್ಲಿ ಇಂಥ ಉದಾಹರಣೆ ಸಿಗುತ್ತವೆ ಕೂಡ. ಆದರೆ ಅಗತ್ಯವನ್ನು ಅಳೆಯುವುದು ಹೇಗೆ? ಬಡತನ ನೋಡಿದರೆ ಸಾಕು ಅನ್ನುತ್ತಾರೆ. ನ್ಯೂಜಿಲೆಂಡಿನಲ್ಲಿ ಪ್ರತಿ ಬಡಾವಣೆಗೂ ಬಡತನದ ಅಂಕ ಇದೆ, 1ರಿಂದ 10. ಒಂದೇ ಅಂಕದ ಬಡಾವಣೆಗಳನ್ನು ತೆಗೆದುಕೊಂಡರೂ ಮಾವೋರಿಗಳ ಆಯಸ್ಸು ಉಳಿದವರಿಗಿಂತ ಕಡಿಮೆಯೇ ಬರುತ್ತದೆ. ಅಂದರೆ ಬಡತನದ ಲೆಕ್ಕದಿಂದ ಎಲ್ಲವೂ ತಿಳಿಯುವುದಿಲ್ಲ, ಏನೋ ಒಂದು ಹೊರಗೆ ಉಳಿಯುತ್ತದೆ.

ಕರುಳಿನ ಕ್ಯಾನ್ಸರ್ ತಪಾಸಣೆಯ ಕತೆ ಇದಕ್ಕೆ ಒಳ್ಳೆ ಉದಾಹರಣೆ, ಸ್ವಲ್ಪ ನಿಧಾನವಾಗಿ ನೋಡೋಣ. ನ್ಯೂಜಿಲೆಂಡಿನಲ್ಲಿ ಈ ಉಚಿತ ತಪಾಸಣೆ ಶುರುವಾಗುತ್ತಿದ್ದದ್ದು 60ನೇ ವಯಸ್ಸಿಗೆ. ಮನೆಗೇ ಒಂದು ಕಿಟ್ ಬರುತ್ತದೆ, ಮಾದರಿ ತೆಗೆದು ಅಂಚೆಗೆ ಹಾಕಿದರೆ ಆಯಿತು. ಎಲ್ಲರಿಗೂ ಒಂದೇ ವಯಸ್ಸು, ನೋಡಲು ಸಮಾನವೇ. ಆದರೆ ಮಾವೋರಿಗಳಲ್ಲಿ ಈ ಕ್ಯಾನ್ಸರ್ ಬರುವವರ ಪೈಕಿ 60ಕ್ಕೆ ಮೊದಲೇ ಬರುವವರ ಪಾಲು ಉಳಿದವರಿಗಿಂತ ಬಹಳ ಜಾಸ್ತಿ. ತಪಾಸಣೆಯ ಕಾಗದ ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ 2022ರ ಬಜೆಟ್‌ನಲ್ಲಿ ಮಾವೋರಿ ಮತ್ತು ಪೆಸಿಫಿಕ್ ಜನರಿಗೆ 50ಕ್ಕೇ ತಪಾಸಣೆ ಅಂತ ಹಣ ಇಟ್ಟರು. 2023ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ನ್ಯಾಷನಲ್ ನೇತೃತ್ವದ ಸರ್ಕಾರ ಬಂತು. 2025ರ ಮಾರ್ಚ್‌ನಲ್ಲಿ ಹೊಸ ಆರೋಗ್ಯ ಸಚಿವ ಸಿಮಿಯನ್ ಬ್ರೌನ್ ಆ ಹಣವನ್ನು ತಿರುಗಿಸಿ ಎಲ್ಲರಿಗೂ 58 ಮಾಡುತ್ತೇವೆ ಅಂದರು.

ಸಚಿವರ ವಾದ ಪೊಳ್ಳೇನಲ್ಲ. ಅದೇ ಹಣದಲ್ಲಿ ಎಲ್ಲರ ವಯಸ್ಸು ಎರಡು ವರ್ಷ ಇಳಿಸಿದರೆ ಒಟ್ಟು ಲೆಕ್ಕದಲ್ಲಿ ಹೆಚ್ಚು ಜೀವ ಉಳಿಯುತ್ತವೆ ಅಂತ ಅಧಿಕಾರಿಗಳ ಲೆಕ್ಕ ಅವರ ಕೈಯಲ್ಲಿತ್ತು. ಎದುರು ವಾದವೂ ಪೊಳ್ಳಲ್ಲ. 53ಕ್ಕೆ ಕ್ಯಾನ್ಸರ್ ಬರುವ ಮಾವೋರಿ ಗಂಡಸಿಗೆ 60 ಆದರೇನು, 58 ಆದರೇನು? ಎರಡೂ ಪ್ರಯೋಜನವಿಲ್ಲ. ಒಟ್ಟು ಎಷ್ಟು ಜೀವ ಉಳಿಯಿತು ಅನ್ನುವುದು ಮುಖ್ಯವಾ, ಯಾರು ಯಾವಾಗಲೂ ಹಿಂದೆ ಉಳಿಯುತ್ತಾರೆ ಅನ್ನುವುದು ಮುಖ್ಯವಾ? ಇದು ನಿಜವಾದ, ಕಷ್ಟದ ಪ್ರಶ್ನೆ, ಒಳ್ಳೆಯವರೂ ಬೇರೆ ಬೇರೆ ಉತ್ತರ ಕೊಡಬಹುದು. ಆದರೆ ಗಮನಿಸಿ, ಇಲ್ಲಿ ‘ಅಗತ್ಯ’ ಒಂದು ಕಡೆ, ‘ಜನಾಂಗ’ ಇನ್ನೊಂದು ಕಡೆ ಅಂತ ಏನೂ ಇಲ್ಲ. ಕಾಯಿಲೆ ಬರುವ ವಯಸ್ಸೇ ಅಗತ್ಯ. ಅದು ಜನಾಂಗದ ಜೊತೆಗೇ ಬದಲಾಗುತ್ತಿದೆ. ಘೋಷಣೆ ಈ ಪ್ರಶ್ನೆಯ ಹತ್ತಿರಕ್ಕೂ ಬರುವುದಿಲ್ಲ.

ಕೋವಿಡ್ ಲಸಿಕೆಯಲ್ಲೂ ಇದೇ ಆಗಿತ್ತು. ವಯಸ್ಸಾದವರಿಗೆ ಮೊದಲು ಅನ್ನುವ ನಿಯಮ ಎಲ್ಲರಿಗೂ ಒಂದೇ. ಮಾವೋರಿಗಳಲ್ಲಿ ಅರ್ಧದಷ್ಟು ಜನ ಸುಮಾರು 27ಕ್ಕಿಂತ ಚಿಕ್ಕವರು, ಇಡೀ ದೇಶದಲ್ಲಿ ಆ ಗಡಿ 38. ಹೆಚ್ಚಿನ ಮಾವೋರಿಗಳ ಸರದಿ ಬಂದದ್ದೇ ಕೊನೆಗೆ. ಲಸಿಕೆ ಪಡೆದವರ ಪ್ರಮಾಣ ಹಿಂದೆ ಬಿತ್ತು, ಆಮೇಲೆ ‘ಮಾವೋರಿಗಳು ಲಸಿಕೆ ಹಾಕಿಸಿಕೊಳ್ಳುವುದಿಲ್ಲ’ ಅನ್ನುವ ಬೈಗುಳ ಬೇರೆ.

ಎಲ್ಲರಿಗೂ ಒಂದೇ ನಿಯಮ ಅನ್ನುವವರು ಆ ದೇಶದ ಹಳೆಯ ಪಿಂಚಣಿ ಕಡತಗಳನ್ನು ಒಮ್ಮೆ ಬಿಡಿಸಿ ನೋಡಬೇಕು. 1898ರಲ್ಲಿ ವೃದ್ಧಾಪ್ಯ ಪಿಂಚಣಿ ಕಾನೂನು ತಂದಾಗ ನ್ಯೂಜಿಲೆಂಡ್ ಜಗತ್ತಿಗೇ ಮಾದರಿ ಅಂತ ಹೆಮ್ಮೆಪಟ್ಟಿತ್ತು. ಅದರಲ್ಲಿ ಏಷ್ಯಾದವರಿಗೆ ಜಾಗವೇ ಇರಲಿಲ್ಲ. ಮಾವೋರಿಗಳಿಗೆ ಇತ್ತು, ಆದರೆ ಹುಟ್ಟಿದ ದಿನಾಂಕದ ದಾಖಲೆ ತನ್ನಿ, ಬುಡಕಟ್ಟಿನ ಜಂಟಿ ಜಮೀನಿನಲ್ಲಿ ನಿಮ್ಮ ಪಾಲೆಷ್ಟು ಹೇಳಿ ಅಂತ ಸತಾಯಿಸಿ, ಸಿಕ್ಕವರಿಗೂ ಕಡಿಮೆ ಮೊತ್ತ ಕೊಡುತ್ತಿದ್ದರು. 1938ರ ಸಾಮಾಜಿಕ ಭದ್ರತಾ ಕಾನೂನು ಬಂದ ಮೇಲೂ ಇದು ಕೆಲವು ವರ್ಷ ಹಾಗೇ ನಡೆಯಿತು. ಅವರು ಹಳ್ಳಿಯಲ್ಲಿರುವವರು, ಅವರಿಗೆ ಖರ್ಚು ಕಡಿಮೆ ಅನ್ನುವುದು ಅಧಿಕಾರಿಗಳ ಸಮಜಾಯಿಷಿ. ಜನಾಂಗ ನೋಡಿ ಕೊಡುವ ಪದ್ಧತಿ 2000ದಲ್ಲಿ ಹುಟ್ಟಿದ್ದಲ್ಲ. ನೂರು ವರ್ಷ ಹಳೆಯದು. ಆಗ ಅದು ತಿರುಗಾಮುರುಗಾ ಇತ್ತು ಅಷ್ಟೇ.

ಇನ್ನು ಫಾನೌ ಓರಾ. ಇದರ ಯೋಚನೆ ನನಗೆ ಇಷ್ಟ. ಮಾವೋರಿ ಪಕ್ಷದ ತರಿಯಾನಾ ತುರಿಯಾ ಅವರು ಜಾನ್ ಕೀ ಅವರ ನ್ಯಾಷನಲ್ ಸರ್ಕಾರದ ಜೊತೆ ಸೇರಿ 2010ರಲ್ಲಿ ಶುರು ಮಾಡಿದ್ದು. ಒಂದು ಕುಟುಂಬಕ್ಕೆ ಮನೆ ಬಾಡಿಗೆ ಸಮಸ್ಯೆ, ಮಗುವಿಗೆ ಉಬ್ಬಸ, ದೊಡ್ಡ ಹುಡುಗ ಶಾಲೆ ಬಿಟ್ಟಿದ್ದಾನೆ, ಅಪ್ಪನಿಗೆ ಕುಡಿತ ಅಂತಿಟ್ಟುಕೊಳ್ಳಿ. ಮಾಮೂಲಿಯಾಗಿ ನಾಲ್ಕು ಇಲಾಖೆ, ನಾಲ್ಕು ಫೈಲು, ನಾಲ್ಕು ಜನರ ಮುಂದೆ ಅದೇ ಗೋಳು. ಅದರ ಬದಲು ಆ ಕುಟುಂಬ ನಂಬುವ ಒಬ್ಬ ಕಾರ್ಯಕರ್ತೆ ಎಲ್ಲ ಕಡೆಗೂ ಜೊತೆ ಹೋಗುತ್ತಾಳೆ, ಏನು ಮೊದಲು ಬೇಕು ಅಂತ ಕುಟುಂಬವೇ ಹೇಳುತ್ತದೆ. ಮಾವೋರಿಯಲ್ಲದವರೂ ಇದರಿಂದ ನೆರವು ಪಡೆದಿದ್ದಾರೆ.

ಆದರೆ 2015ರಲ್ಲಿ ದೇಶದ ಆಡಿಟರ್ ಜನರಲ್ ಕೊಟ್ಟ ವರದಿ ಮುಜುಗರದ್ದು. ಮೊದಲ ನಾಲ್ಕು ವರ್ಷ ಖರ್ಚಾದ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಆಡಳಿತಕ್ಕೇ ಹೋಗಿತ್ತು. ಯೋಜನೆ ಅಂದರೆ ಏನು ಅಂತ ಸರಳವಾಗಿ ಹೇಳಲೂ ಸಂಬಂಧಪಟ್ಟವರಿಗೆ ಕಷ್ಟವಾಗುತ್ತಿತ್ತು. ಇಂಥ ಟೀಕೆಯನ್ನು ಜನಾಂಗ ದ್ವೇಷ ಅನ್ನಲಾದೀತೇ? ಸಾಲದ್ದಕ್ಕೆ, ಮುಂದೆ ಈ ಹಣ ಹಂಚುವ ಮುಖ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ತಾಮಿಹೆರೆ ಅವರೇ ಮಾವೋರಿ ಪಕ್ಷದ ಅಧ್ಯಕ್ಷರೂ ಆಗಿದ್ದರು. ಕಾನೂನು ಏನೇ ಹೇಳಲಿ, ನೋಡುವವರ ಕಣ್ಣಿಗೆ ಅದು ಚೆನ್ನಾಗಿ ಕಾಣುವುದಿಲ್ಲ, ಅಲ್ವಾ? 2025ರಲ್ಲಿ ಸರ್ಕಾರ ಆ ಗುತ್ತಿಗೆಗಳನ್ನು ಮುಂದುವರಿಸದೆ ಬೇರೆ ಸಂಸ್ಥೆಗಳಿಗೆ ಕೊಟ್ಟಿತು. ಯೋಜನೆಯನ್ನು ಮಾತ್ರ ನಿಲ್ಲಿಸಲಿಲ್ಲ. ‘ಜನಾಂಗ ನೋಡಿ ಬೇಡ’ ಅನ್ನುವ ಸರ್ಕಾರವೂ ಅದನ್ನು ಮುಟ್ಟಲಿಲ್ಲ ಅಂದರೆ, ಮನೆಮನೆಗೆ ಹೋಗುವ ಆ ಕೆಲಸ ಎಲ್ಲೋ ಫಲ ಕೊಡುತ್ತಿದೆ ಅಂತಲೇ ಅರ್ಥ.

ಅದೇ ಅದೃಷ್ಟ ‘ತೆ ಆಕಾ ಫೈ ಓರಾ’ಗೆ ಇರಲಿಲ್ಲ. ಮಾವೋರಿ ಆರೋಗ್ಯಕ್ಕೆ ಅಂತ ಪ್ರತ್ಯೇಕ ಪ್ರಾಧಿಕಾರ ಅದು, 2022ರ ಜುಲೈ 1ರಂದು ಹುಟ್ಟಿ 2024ರ ಜೂನ್ 30ಕ್ಕೆ ಮುಚ್ಚಿತು. ಎರಡು ವರ್ಷದಲ್ಲಿ ಯಾವ ಆರೋಗ್ಯ ಸಂಸ್ಥೆ ತಾನೇ ಫಲಿತಾಂಶ ತೋರಿಸೀತು? ಒಳ್ಳೆಯದಾಗಿತ್ತಾ ಕೆಟ್ಟದಾಗಿತ್ತಾ ಅಂತ ಅಳೆಯುವ ಮೊದಲೇ ಅಂಗಡಿ ಎತ್ತಿಸಿದರು. ಮುಚ್ಚುವ ಕೆಲಸ ಮಾಡಿದ ಆಗಿನ ಆರೋಗ್ಯ ಸಚಿವ ಶೇನ್ ರೆಟಿ ಸ್ವತಃ ಮಾವೋರಿ, ವೃತ್ತಿಯಲ್ಲಿ ಡಾಕ್ಟರ್.

ಇದನ್ನು ಹೇಳಲು ಕಾರಣವಿದೆ. ಹೊರಗಿನಿಂದ ನೋಡುವ ನಮಗೆ ಇದು ಬಿಳಿಯರು ಒಂದು ಕಡೆ, ಮಾವೋರಿಗಳು ಒಂದು ಕಡೆ ಅಂತ ಕಾಣುತ್ತದೆ. ಮಸೂದೆ ತಂದ ಸೀಮೋರ್‌ಗೂ ಮಾವೋರಿ ಮೂಲವಿದೆ. ನ್ಯೂಜಿಲೆಂಡ್ ಫಸ್ಟ್ ಪಕ್ಷದ ವಿನ್‌ಸ್ಟನ್ ಪೀಟರ್ಸ್ ಮಾವೋರಿ, ದಶಕಗಳಿಂದ ‘ಎಲ್ಲರಿಗೂ ಒಂದೇ ಕಾನೂನು’ ಅನ್ನುತ್ತಾ ಬಂದವರು. ಇನ್ನೊಂದು ಕಡೆ 2023ರಲ್ಲಿ ಪಾರ್ಲಿಮೆಂಟಿನಲ್ಲಿ ಮಾವೋರಿ ಮತದಾರರಿಗೆ ಮೀಸಲಾದ ಏಳು ಕ್ಷೇತ್ರಗಳಲ್ಲಿ ಆರನ್ನು ಗೆದ್ದದ್ದು ತೆ ಪಾಟಿ ಮಾವೋರಿ, ಅಂದರೆ ಅದೇ ಮಾವೋರಿ ಪಕ್ಷ. ಮಾವೋರಿಗಳಲ್ಲೂ ‘ನಮಗೆ ಭಿಕ್ಷೆ ಬೇಡ, ನಮ್ಮ ಜಮೀನು ಕೊಡಿ ಸಾಕು’ ಅನ್ನುವ ದನಿ ಗಟ್ಟಿಯಾಗಿಯೇ ಇದೆ. ನೈ ಟಹು ಬುಡಕಟ್ಟು ಪರಿಹಾರದ ಹಣದಲ್ಲಿ ಮೀನುಗಾರಿಕೆ, ಪ್ರವಾಸೋದ್ಯಮ, ರಿಯಲ್ ಎಸ್ಟೇಟ್ ಅಂತ ವ್ಯವಹಾರ ಬೆಳೆಸಿ ಇವತ್ತು ಸುಮಾರು 200 ಕೋಟಿ ಡಾಲರ್ ಆಸ್ತಿ ಮಾಡಿಕೊಂಡಿದೆ. ಅದನ್ನು ನೋಡಿ ‘ಇಷ್ಟು ಶ್ರೀಮಂತರಿಗೆ ಇನ್ನೂ ಸರ್ಕಾರಿ ನೆರವು ಯಾಕೆ’ ಅನ್ನುವವರೂ ಇದ್ದಾರೆ. ಆ ಆಸ್ತಿ ಎಂಬತ್ತು ಸಾವಿರ ದಾಟಿದ ಸದಸ್ಯರ ಜಂಟಿ ಆಸ್ತಿ ಅನ್ನುವುದು ಆ ಮಾತಲ್ಲಿ ಬಿಟ್ಟುಹೋಗಿರುತ್ತದೆ.

ನಮ್ಮವರ ವಿಷಯ ಬಿಟ್ಟರೆ ಅಪ್ರಾಮಾಣಿಕತೆ ಆಗುತ್ತದೆ. 2023ರ ಜನಗಣತಿಯಲ್ಲಿ ಭಾರತೀಯರು 2.92 ಲಕ್ಷ, ಯುರೋಪಿಯನ್ನರು ಮತ್ತು ಮಾವೋರಿಗಳ ನಂತರ ಮೂರನೇ ದೊಡ್ಡ ಗುಂಪು. ಆಕ್ಲೆಂಡ್‌ನಲ್ಲಿ ಕನ್ನಡ ಕೂಟ ಇದೆ, ರಾಜ್ಯೋತ್ಸವ ನಡೆಯುತ್ತದೆ. ಅಂದರೆ ಈ ಜನಾಭಿಪ್ರಾಯದಲ್ಲಿ ನಮ್ಮದೂ ಒಂದು ಪಾಲು. ಭಾರತದಲ್ಲಿ ಹುಟ್ಟಿದ ಪರಮ್‌ಜೀತ್ ಪರ್ಮಾರ್ ಆಕ್ಟ್ ಪಕ್ಷದ ಸಂಸದೆ, ವಿಶ್ವವಿದ್ಯಾಲಯಗಳಲ್ಲಿ ಜನಾಂಗ ಆಧರಿಸಿದ ಸೌಲಭ್ಯ ಬೇಡ ಅನ್ನುವವರಲ್ಲಿ ಮುಂಚೂಣಿಯವರು. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರು ‘ಇಲ್ಲೂ ರಿಸರ್ವೇಶನ್ ಶುರುವಾಯ್ತಾ’ ಅಂತ ನಿಟ್ಟುಸಿರು ಬಿಡುವುದು ಹೊಸದಲ್ಲ. ಆದರೆ ಈ ಹೋಲಿಕೆ ಬಹಳ ದೂರ ಹೋಗುವುದಿಲ್ಲ. ಅಲ್ಲಿ ಮಾವೋರಿಗಳಿಗೆ ಸರ್ಕಾರಿ ನೌಕರಿಯಲ್ಲಿ ಇಂತಿಷ್ಟು ಶೇಕಡಾ ಮೀಸಲು ಅನ್ನುವ ಕಾನೂನೇ ಇಲ್ಲ. ಮಾವೋರಿಗಳ ಬೇಡಿಕೆಯ ಬೇರು ಸಹಿ ಹಾಕಿದ ಒಂದು ಒಪ್ಪಂದದಲ್ಲಿದೆ, ನಮ್ಮಲ್ಲಿ ಜಾತಿಯ ಶ್ರೇಣಿಯಲ್ಲಿದೆ.

ಇನ್ನೊಂದು ಮಾತು. ಆಕ್ಲೆಂಡ್‌ನ ದಕ್ಷಿಣಕ್ಕೆ ಪುಕೆಕೋಹೆ ಅನ್ನುವ ಊರಿದೆ, ಈರುಳ್ಳಿ, ಆಲೂಗಡ್ಡೆ ಬೆಳೆಯುವ ಫಲವತ್ತಾದ ಕೆಂಪು ಮಣ್ಣು. 1920ರ ದಶಕದಲ್ಲಿ ಭಾರತೀಯ ಮತ್ತು ಚೀನೀ ತೋಟಗಾರರನ್ನು ಓಡಿಸಬೇಕು ಅಂತ ಅಲ್ಲಿ ‘ವೈಟ್ ನ್ಯೂಜಿಲೆಂಡ್ ಲೀಗ್’ ಕಟ್ಟಿದ್ದರು. ಅಂಥ ವಾತಾವರಣದಲ್ಲೇ 1926ರಲ್ಲಿ ಭಾರತೀಯರು ತಮ್ಮ ಕೇಂದ್ರ ಸಂಘ ಕಟ್ಟಿಕೊಂಡದ್ದು. ಅದೇ ಊರಲ್ಲಿ 1960ರ ದಶಕದವರೆಗೂ ಮಾವೋರಿಗಳಿಗೆ ಸಿನಿಮಾ ಥಿಯೇಟರ್‌ನಲ್ಲಿ ಬೇರೆ ಸೀಟು, ಕ್ಷೌರದಂಗಡಿಯಲ್ಲಿ ‘ನಿಮಗೆ ಆಗುವುದಿಲ್ಲ’. ಬಾಗಿಲು ಹಾಕಿದ್ದು ಇಬ್ಬರ ಮುಖಕ್ಕೂ. ಈಗ ಹೋಗಿ ಇಳಿದವರಿಗೆ ಈ ಕತೆ ಗೊತ್ತಿಲ್ಲದಿದ್ದರೆ ಅವರ ತಪ್ಪೇನಲ್ಲ, ಯಾರೂ ಹೇಳಿರುವುದಿಲ್ಲ.

ಸದ್ಯದ ಪರಿಸ್ಥಿತಿ ಹೀಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಕಳಿಸಿದೆ: ಸೇವೆ ಅಗತ್ಯದ ಮೇಲೆ, ಜನಾಂಗವನ್ನು ಆಧಾರ ಮಾಡಬೇಕಾದರೆ ಅದಕ್ಕೆ ಗಟ್ಟಿ ಕಾರಣ ತೋರಿಸಬೇಕು. ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಪ್ರತಿ ಸಲ ತಟ್ಟಿ ಕೇಳಬೇಕು. ಇದರಲ್ಲಿ ಒಳ್ಳೆಯದೂ ಆಗಬಹುದು. ಕಾರಣ ಬರೆಯಲೇಬೇಕು ಅಂದಾಗ ಅಧಿಕಾರಿಗಳು ಲೆಕ್ಕ ಸರಿಯಾಗಿ ಹಾಕುತ್ತಾರೆ, ಜನರಿಗೂ ಓದಲು ಸಿಗುತ್ತದೆ. ಆದರೆ ಸುತ್ತೋಲೆ ನೋಡಿದ ಮಧ್ಯಮ ದರ್ಜೆಯ ಅಧಿಕಾರಿ ‘ಯಾಕೆ ಬೇಕು ತಲೆನೋವು’ ಅಂತ ಆ ಯೋಚನೆಯನ್ನೇ ಕೈಬಿಡುವ ಸಾಧ್ಯತೆ ಜಾಸ್ತಿ. ಸರ್ಕಾರಿ ಕಚೇರಿ ಯಾವ ದೇಶದ್ದಾದರೂ ಕಚೇರಿಯೇ.

2026 ಚುನಾವಣೆಯ ವರ್ಷ. ಇಂಥ ಸಮೀಕ್ಷೆಗಳು ಸಾಲುಸಾಲಾಗಿ ಬರುತ್ತವೆ. ‘ಮಾವೋರಿಗಳಿಗೆ ವಿಶೇಷ ಸವಲತ್ತು ಬೇಕೇ’ ಅಂತ ಕೇಳಿದರೆ ಬರುವ ಉತ್ತರ ನನಗೆ ಈಗಲೇ ಗೊತ್ತು, ನಿಮಗೂ ಗೊತ್ತು. ಅದರ ಬದಲು ಯಾರಾದರೂ ಹೀಗೆ ಕೇಳಲಿ: ಕ್ಯಾನ್ಸರ್ ತಪಾಸಣೆ ಎಲ್ಲರಿಗೂ 58ಕ್ಕೆ ಶುರುವಾಗಬೇಕೋ, ಕಾಯಿಲೆ ಬೇಗ ಬರುವವರಿಗೆ 50ಕ್ಕೇ ಶುರುವಾಗಬೇಕೋ? ಮೊದಲನೆಯದರಲ್ಲಿ ಒಟ್ಟು ಹೆಚ್ಚು ಜೀವ ಉಳಿಯುತ್ತವೆ, ಎರಡನೆಯದರಲ್ಲಿ ಅಂತರ ಕಡಿಮೆಯಾಗುತ್ತದೆ, ಹಣ ಇಷ್ಟೇ ಇದೆ. ಆಗಲೂ ಜನ 58 ಅಂದರೆ, ಸರಿ, ಅದು ಯೋಚಿಸಿ ಕೊಟ್ಟ ಉತ್ತರ ಅಂತ ನಾನು ಒಪ್ಪುತ್ತೇನೆ.